ಅಲ್ಲೆ ಮಳಿ ಬಂತೇನಪಾ?

ಪುಣೆಗೆ ಬಂದು ಎಂಟು ವರ್ಷವಾಯಿತು. ಎರಡು ವರ್ಷದ ಹಿಂದೆ, ಜೂನ್‌ನ ಮೊದಲ ಮಳೆಯಲ್ಲಿ ಮುಂಬೈಯಿಂದ ಮರಳುವಾಗ, ಖಂಡಾಲಾ ಘಾಟಿನಲ್ಲಿ ನಾನಿದ್ದ ಕ್ಯಾಬ್‌ಗೆ ಹಿಂದಿನಿಂದ ಲಾರಿ ಗುದ್ದಿತು. ಮುರಿದ ಕಾಲು ಮೂರು ತಿಂಗಳಲ್ಲಿ ಕೂಡಿಕೊಂಡಿತು. ಮನಸ್ಸು ಕೂಡಲಿಲ್ಲ. ಹಾರ್ನ್ ಕೇಳಿದರೆ ಕೈ ಬೆವರುತ್ತಿತ್ತು. ಹುಬ್ಬಳ್ಳಿಯಿಂದ ಅವ್ವ ಫೋನ್ ಮಾಡಿದಾಗಲೆಲ್ಲ ‘ಆರಾಮ ಅದೀನಿ’ ಎನ್ನುತ್ತಿದ್ದೆ.

ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ದಾರಿಯನ್ನೇ ತಪ್ಪಿಸುವುದು ತಿಂಗಳು ದಾಟಿಯೂ ಉಳಿದರೆ ಅದು ಪಿಟಿಎಸ್‌ಡಿ ಇರಬಹುದು. ಹಾಗೆಂದೇ ಆಪ್ತ ಸಮಾಲೋಚಕರ ಬಳಿ ಹೋದೆ. ಅವರು ಹೇಳಿದಂತೆ ಮೊದಲು ನಿಂತ ಕಾರಿನಲ್ಲಿ ಹತ್ತು ನಿಮಿಷ ಕೂತೆ, ನಂತರ ಬಡಾವಣೆ ಸುತ್ತಿದೆ, ಆಮೇಲೆ ಹೆದ್ದಾರಿಗಿಳಿದೆ. ದೀಪಾವಳಿಗೆ ಬಸ್ಸಿನಲ್ಲೇ ಊರಿಗೆ ಹೋದೆ. ಗೆದ್ದೆ ಅಂದುಕೊಂಡೆ.

ಮುಂದಿನ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ದಿನ, ಆಫೀಸಿನ ಪಾರ್ಕಿಂಗ್‌ನಲ್ಲಿ ಹೆಜ್ಜೆ ಕಿತ್ತಿಡಲಾಗಲಿಲ್ಲ. ಎಲ್ಲವೂ ಮತ್ತೆ ಸೊನ್ನೆಗೆ ಬಂತು ಎಂದು ಅತ್ತೆ. ಸಮಾಲೋಚಕರು ಕೇಳಿದ್ದು ಒಂದೇ: ‘ಈ ಸಲ ಸುಧಾರಿಸಿಕೊಳ್ಳಲು ಎಷ್ಟು ದಿನ ಬೇಕಾಯಿತು?’ ನಾಲ್ಕು ದಿನ. ಹಿಂದೆ ತಿಂಗಳುಗಳೇ ಬೇಕಾಗಿದ್ದವು. ಆ ದಿನ, ಆ ಋತು ಮರಳಿದಾಗ ನೋವೂ ಮರಳುವುದು ಸಹಜ. ಅದು ಸೋಲಲ್ಲ.

ಊರು ಬಿಟ್ಟ ನಮಗೆ ದುಃಖ ಹೇಳಿಕೊಳ್ಳಲು ಭಾಷೆಯದೂ ತೊಡಕು. ಇಂಗ್ಲಿಷಿನಲ್ಲಿ ನನ್ನ ಮಾತು ಬಗ್ ರಿಪೋರ್ಟ್‌ನಂತಿರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಈ ಜೂನ್‌ನಲ್ಲಿ ಮೊದಲ ಬಾರಿಗೆ ನಿಜ ಹೇಳಿದೆ: ‘ಅವ್ವಾ, ಇವತ್ತ ಆರಾಮಿಲ್ಲ.’

ಅವ್ವ ತುಸು ಹೊತ್ತು ಸುಮ್ಮನಿದ್ದು ಕೇಳಿದಳು: ‘ಅಲ್ಲೆ ಮಳಿ ಬಂತೇನಪಾ?’