ಹುಂಜವೋ ಹೇಂಟೆಯೋ

ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮಾರುತ್ತಾರಲ್ಲ, ಮಕ್ಕಳು ಹಟ ಹಿಡಿದು ತಂದ ಆ ಮರಿಗಳಲ್ಲಿ ಬದುಕುಳಿದವು ಹೆಚ್ಚಾಗಿ ಹುಂಜಗಳೇ ಆಗುತ್ತವೆ. ಮೊಟ್ಟೆಕೋಳಿ ಹ್ಯಾಚರಿಗಳು ಹೆಣ್ಣು ಮರಿಗಳನ್ನು ಆರಿಸಿಕೊಂಡ ಮೇಲೆ ಯಾರಿಗೂ ಬೇಡವಾದ ಗಂಡುಗಳು ಅವು. ಆದರೆ ಮೊಟ್ಟೆಯೊಡೆದು ಒಂದು ದಿನವೂ ತುಂಬದ ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದು ಹೇಗೆ?

ಈ ಕುತೂಹಲ ಹಳೆಯದು. ಉದ್ದನೆಯ ಚೂಪು ಮೊಟ್ಟೆಯಿಂದ ಹೆಣ್ಣು, ಗುಂಡನೆಯದರಿಂದ ಗಂಡು ಎಂದು ಅರಿಸ್ಟಾಟಲ್ ಬರೆದ. ರೋಮಿನ ಪ್ಲಿನಿ ಅದನ್ನೇ ತಿರುವುಮುರುವಾಗಿ ಹೇಳಿದ. ಇಬ್ಬರದೂ ತಪ್ಪು. ಮೊಟ್ಟೆಯ ಆಕಾರಕ್ಕೂ ಒಳಗಿನ ಜೀವಕ್ಕೂ ಸಂಬಂಧವೇ ಇಲ್ಲ. ಕೋಳಿಗಳಲ್ಲಿ ಮರಿಯ ಲಿಂಗ ನಿರ್ಧಾರವಾಗುವುದು ತಾಯಿಯ ಕಡೆಯಿಂದ. ಹೇಂಟೆಯಲ್ಲಿ ಝಡ್, ಡಬ್ಲ್ಯು ಎಂಬ ಎರಡು ಬಗೆಯ ವರ್ಣತಂತುಗಳಿದ್ದರೆ ಹುಂಜದಲ್ಲಿ ಇರುವುದು ಎರಡೂ ಝಡ್.

ನಿಜವಾದ ದಾರಿ ಕಂಡದ್ದು ಜಪಾನಿನಲ್ಲಿ. ಕಿಯೋಶಿ ಮಸುಯಿ ಮತ್ತು ಅವರ ಸಂಗಡಿಗರು ತಾವು ಕಂಡುಕೊಂಡ ವಿಧಾನವನ್ನು 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಮಂಡಿಸಿದರು. ಮರಿಯನ್ನು ಅಂಗೈಯಲ್ಲಿ ಹಿಡಿದು, ಹೊಟ್ಟೆಯನ್ನು ಮೆಲ್ಲಗೆ ಅದುಮಿ ಹಿಕ್ಕೆ ಹೊರಹಾಕಿಸಬೇಕು. ಆಮೇಲೆ ಹೆಬ್ಬೆರಳಿನಿಂದ ಗುದದ್ವಾರವನ್ನು ಬಿಡಿಸಿ ಪ್ರಖರ ದೀಪದ ಕೆಳಗೆ ನೋಡಬೇಕು. ಗಂಡಿನಲ್ಲಿ ಸಾಸಿವೆಗಿಂತ ಚಿಕ್ಕದಾದ, ಹೊಳೆಯುವ, ಒತ್ತಿದರೂ ಬಗ್ಗದ ಗುಬುಟು ಕಾಣುತ್ತದೆ. ಹೇಳಲು ಇಷ್ಟೇ. ಆದರೆ ಹೆಣ್ಣಿನಲ್ಲೂ ಎಷ್ಟೋ ಸಲ ಅಂಥದೇ ಗುಬುಟು ಉಳಿದಿರುತ್ತದೆ, ಅದರ ಆಕಾರ ಮರಿಯಿಂದ ಮರಿಗೆ ಬೇರೆಯಾಗುತ್ತದೆ. ಸಾವಿರಾರು ಮರಿಗಳನ್ನು ಕೈಯಾಡಿಸಿ ಪಳಗಿದ ಮೇಲೇ ಈ ವಿದ್ಯೆ ಕೈವಶವಾಗುವುದು. ಜಪಾನಿನಲ್ಲಿ ಇದಕ್ಕೆಂದೇ ಶಾಲೆಗಳು ಹುಟ್ಟಿದವು; 1930ರ ದಶಕದಲ್ಲಿ ಅಲ್ಲಿನ ನಿಪುಣರು ಅಮೆರಿಕ, ಕೆನಡಾಗಳಿಗೆ ಹೋಗಿ ಕಲಿಸಿದರು. ಪಳಗಿದವರು ಗಂಟೆಗೆ ಸಾವಿರದಷ್ಟು ಮರಿಗಳನ್ನು ಬಹುಪಾಲು ತಪ್ಪಿಲ್ಲದೆ ವಿಂಗಡಿಸುತ್ತಾರೆ. ಮನುಷ್ಯನ ಕಣ್ಣು, ಬೆರಳು ಇಷ್ಟು ಸೂಕ್ಷ್ಮವಾಗಬಲ್ಲವು ಎಂಬುದೇ ನನಗೆ ಈ ಕಥೆಯ ದೊಡ್ಡ ಬೆರಗು.

ಅದೇ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ರೆಜಿನಾಲ್ಡ್ ಪನೆಟ್ ಬೇರೆ ಹಾದಿ ಹಿಡಿದಿದ್ದರು. ಗರಿಯ ಮೇಲೆ ಪಟ್ಟೆ ಮೂಡಿಸುವ ಗುಣ ಝಡ್ ವರ್ಣತಂತುವಿನಲ್ಲಿದೆ. ಪಟ್ಟೆಯ ಹೇಂಟೆಗೆ ಪಟ್ಟೆಯಿಲ್ಲದ ಕಪ್ಪು ಹುಂಜ ಕೂಡಿಸಿದರೆ ಗಂಡು ಮರಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಈ ಗುಣವನ್ನೇ ಬಳಸಿ, ಹುಟ್ಟಿದ ದಿನವೇ ಬಣ್ಣದಿಂದ ಗುರುತಿಸಬಹುದಾದ ಕ್ಯಾಂಬಾರ್ ತಳಿಯನ್ನು ಅವರು ಮೈಕಲ್ ಪೀಸ್ ಜೊತೆಗೂಡಿ 1930ರ ಆಸುಪಾಸಿನಲ್ಲಿ ರೂಪಿಸಿದರು. ರೆಕ್ಕೆಯ ಗರಿ ಬೇಗ ಬೆಳೆಯುವುದೋ ತಡವಾಗಿಯೋ ಎಂಬುದನ್ನು ನೋಡಿ ಗುರುತಿಸುವ ಹ್ಯಾಚರಿಗಳೂ ಇವೆ. ಅದು ನಡೆಯುವುದು ತಂದೆತಾಯಿಗಳನ್ನು ಅದಕ್ಕೆಂದೇ ಆರಿಸಿ ಕೂಡಿಸಿದಾಗ ಮಾತ್ರ.

ಈ ಜಾಣ್ಮೆಯಿಂದ ಮೇವಿನ ಖರ್ಚು ಉಳಿಯಿತು, ನಿಜ. ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ಕ್ರೂರ ಪದ್ಧತಿಗೂ ಇದೇ ದಾರಿ ಮಾಡಿಕೊಟ್ಟಿತು. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಮರಿಯಾಗುವ ಮೊದಲೇ, ಮೊಟ್ಟೆಯಲ್ಲೇ ಲಿಂಗ ಪತ್ತೆಮಾಡುವ ಯಂತ್ರಗಳು ಅಲ್ಲಿ ಬಂದಿವೆ. ತಡವಾಗಿಯಾದರೂ ಬಂದ ಒಳ್ಳೆಯ ಬದಲಾವಣೆ ಇದು.

ನಮ್ಮ ಹಿತ್ತಲಿನ ನಾಟಿಕೋಳಿಯದು ಹತ್ತು ಬಣ್ಣದ ಬೆರಕೆ ರಕ್ತ. ಅಲ್ಲಿ ಚುಕ್ಕೆಯನ್ನೂ ರೆಕ್ಕೆಯನ್ನೂ ನಂಬುವಂತಿಲ್ಲ. ಹೊಟ್ಟೆ ಅದುಮಿ ನೋಡುವ ಸಾಹಸ ಮಾಡಲೇಬೇಡಿ, ಪಳಗದ ಕೈಯಲ್ಲಿ ಮರಿಯ ಕರುಳಿಗೇ ಪೆಟ್ಟಾದೀತು. ಒಂದೂವರೆ ಎರಡು ತಿಂಗಳು ಕಾದರೆ ಹುಂಜದ ಜುಟ್ಟು ಕೆಂಪೇರಿ ದಪ್ಪವಾಗುತ್ತದೆ, ಕಾಲೂ ಗಟ್ಟಿಯಾಗುತ್ತದೆ. ಅಸೀಲ್‌ನಂಥ ಕಿರುಜುಟ್ಟಿನ ತಳಿಯಲ್ಲಿ ಇದೂ ಮೋಸಮಾಡಬಹುದು. ಆಗ ಮೂರು ತಿಂಗಳ ಹೊತ್ತಿಗೆ ಬಾಲದ ಬುಡ ನೋಡಿ: ಅಲ್ಲಿ ಚೂಪಾದ, ಹೊಳೆಯುವ ಗರಿಗಳು ಇಳಿಬಿದ್ದಿದ್ದರೆ ಅದು ಹುಂಜ, ದುಂಡು ತುದಿಯ ಗರಿಗಳಾದರೆ ಹೇಂಟೆ.