ಚುಕ್ಕೆಗಳು ಹೇಳುವುದೆಷ್ಟು?

ಎತ್ತರಕ್ಕೆ ಏರಿದಷ್ಟೂ ತಂಪು ಹೆಚ್ಚೆಂಬುದು ಎಲ್ಲರೂ ಬಲ್ಲ ಮಾತು. ಯಡಿಯೂರು, ಜಯನಗರ ಮೊದಲಾದ ಬೆಂಗಳೂರಿನ ಬಡಾವಣೆಗಳು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿವೆ. ಇಲ್ಲಿಯ ಬೇಸಗೆ ರಾಯಚೂರಿನ ಬೇಸಗೆಯಷ್ಟು ಉಗ್ರವಾಗಿಲ್ಲದಿರುವುದಕ್ಕೆ ಈ ಎತ್ತರವೇ ಕಾರಣವೆಂದು ಹೇಳುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಮಾಧ್ಯಮಿಕ ಶಾಲೆಯ ಗಣಿತದಲ್ಲಿ ಬರುವ ಚದುರು ನಕ್ಷೆಯೊಂದರಿಂದಲೇ ಇದನ್ನು ಪರೀಕ್ಷಿಸಬಹುದು.

ಗ್ರಾಫ್ ಕಾಗದದ ಅಡ್ಡ ಅಕ್ಷದಲ್ಲಿ ಊರಿನ ಎತ್ತರವನ್ನೂ ಲಂಬ ಅಕ್ಷದಲ್ಲಿ ಏಪ್ರಿಲ್ ತಿಂಗಳಿನ ಸರಾಸರಿ ಗರಿಷ್ಠ ಉಷ್ಣತೆಯನ್ನೂ ಅಳೆದುಕೊಳ್ಳೋಣ. ಒಂದು ಊರಿಗೆ ಒಂದು ಚುಕ್ಕೆ. ಸ್ಥೂಲವಾಗಿ ಹೇಳುವುದಾದರೆ ರಾಯಚೂರು 400 ಮೀಟರು, 39 ಡಿಗ್ರಿ ಸೆಲ್ಸಿಯಸ್. ಕಲಬುರಗಿ 450, 39. ಮೈಸೂರು 770, 34. ಬೆಂಗಳೂರು 920, 34. ಮಡಿಕೇರಿ 1,150, 29.

ಈ ಐದು ಚುಕ್ಕೆಗಳನ್ನು ಒಂದರಿಂದೊಂದಕ್ಕೆ ಗೆರೆಯೆಳೆದು ಜೋಡಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಮೈಸೂರಿಗೂ ಬೆಂಗಳೂರಿಗೂ ನಡುವೆ ಅಂಥ ದಾರಿಯೇನೂ ಇಲ್ಲ. ಅವು ಬೇರೆ ಬೇರೆ ಅಳತೆಗಳು. ಚುಕ್ಕೆಗಳ ಗುಂಪು ಒಟ್ಟಾರೆ ಯಾವ ಕಡೆಗೆ ವಾಲಿದೆಯೆಂಬುದನ್ನು ನೋಡಿ, ಅವುಗಳ ನಡುವೆ ಹಾಯುವಂತೆ ಒಂದೇ ಗೆರೆಯನ್ನು ಎಳೆಯಬೇಕು. ಖಗೋಳವಿಜ್ಞಾನಿ ಜಾನ್ ಹರ್ಷೆಲ್, 1833ರಲ್ಲಿ ಪ್ರಕಟವಾದ ಲೇಖನದಲ್ಲಿ, ಜೋಡಿ ನಕ್ಷತ್ರಗಳ ಚಲನೆಯನ್ನು ತಿಳಿಯಲು ಇದೇ ಕ್ರಮವನ್ನು ಅನುಸರಿಸಿದನು. ಪ್ರತಿಯೊಂದು ಅಳತೆಯಲ್ಲಿಯೂ ಅಷ್ಟಿಷ್ಟು ದೋಷವಿರುವುದರಿಂದ, ವಕ್ರರೇಖೆಯು ಚುಕ್ಕೆಗಳ ಮೇಲೆಯೇ ಹೋಗಬೇಕಾಗಿಲ್ಲ, ಅವುಗಳ ನಡುವೆ ಹಾಯ್ದರೆ ಸಾಕೆಂಬುದು ಆತನ ಮತ.

ನಮ್ಮ ಗೆರೆ ಬಲಕ್ಕೆ ಹೋದಂತೆ ಇಳಿಯುತ್ತದೆ. ಎಂದರೆ ಎತ್ತರ ಹೆಚ್ಚಿದಂತೆ ಉಷ್ಣತೆ ಕಡಿಮೆಯಾಗುತ್ತದೆ. ಇದಕ್ಕೆ ಋಣ ಸಹಸಂಬಂಧವೆಂದು ಹೆಸರು. ವಾಡಿಕೆಯ ಮಾತು ಗೆದ್ದಿತೆಂದು ಇಲ್ಲಿಗೇ ನಿಲ್ಲಿಸಬಾರದು. ಗೆರೆಯ ಇಳಿಜಾರನ್ನೂ ಅಳೆಯೋಣ. ಲೆಕ್ಕ ಮಾಡಿದರೆ ಅದು ಒಂದು ಕಿಲೋಮೀಟರಿಗೆ ಸುಮಾರು 13 ಡಿಗ್ರಿ. ಆದರೆ ವಾಯುಮಂಡಲದ ಕೆಳಪದರದಲ್ಲಿ ಒಂದು ಕಿಲೋಮೀಟರು ಮೇಲೇರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟೇ ಇಳಿಯುತ್ತದೆ. ನಮ್ಮ ನಕ್ಷೆಯ ಇಳಿಜಾರು ಅದರ ಇಮ್ಮಡಿ! ಹಾಗಾದರೆ ಉಳಿದರ್ಧಕ್ಕೆ ಕಾರಣ ಎತ್ತರವಲ್ಲ. ಮಡಿಕೇರಿ ಎತ್ತರದಲ್ಲಿರುವುದಲ್ಲದೆ ಕಾಡು, ಮೋಡ, ಕಡಲಿನ ಸಾಮೀಪ್ಯಗಳನ್ನೂ ಪಡೆದಿದೆ. ರಾಯಚೂರು ತಗ್ಗಿನಲ್ಲಿರುವುದಲ್ಲದೆ ಕಡಲಿನಿಂದ ದೂರದ ಒಣನೆಲವೂ ಹೌದು. ಈ ಕಾರಣಗಳೆಲ್ಲ ಎತ್ತರದ ಜೊತೆಗೂಡಿ ಬಂದು, ಎತ್ತರದ ಹೆಸರಿನಲ್ಲಿಯೇ ಲೆಕ್ಕಕ್ಕೆ ಸೇರಿವೆ.

ಈಗ ಮಂಗಳೂರಿನ ಚುಕ್ಕೆಯನ್ನಿಡೋಣ: ಎತ್ತರ ಸುಮಾರು 20 ಮೀಟರು. ನಮ್ಮ ಗೆರೆಯನ್ನು ಎಡಕ್ಕೆ ಚಾಚಿದರೆ ಅಲ್ಲಿ 44 ಡಿಗ್ರಿ ಇರಬೇಕು. ಇರುವುದಾದರೋ ಸುಮಾರು 34. ಗುಂಪಿಗೆ ಸೇರದ ಈ ಚುಕ್ಕೆಯನ್ನು ತಪ್ಪೆಂದು ಅಳಿಸಿಬಿಟ್ಟರೆ ನಕ್ಷೆ ಅಂದವಾಗುತ್ತದೆ, ಸತ್ಯ ಕೈಬಿಡುತ್ತದೆ. ನೀರು ನಿಧಾನವಾಗಿ ಕಾಯುವುದರಿಂದ ಹಗಲಿನಲ್ಲಿ ಕಡಲಗಾಳಿ ನೆಲವನ್ನು ತಣಿಸುತ್ತದೆಂಬುದನ್ನು ಈ ಒಂಟಿ ಚುಕ್ಕೆಯೇ ನೆನಪಿಸಿಕೊಡುತ್ತದೆ. ಅಳತೆಗಳಿಲ್ಲದ ಕಡೆಗೆ ಗೆರೆಯನ್ನು ಚಾಚುವುದರ ಅಪಾಯವೂ ಇದರಿಂದ ತಿಳಿಯುತ್ತದೆ.

ಎರಡು ಸಂಗತಿಗಳು ಜೊತೆಯಾಗಿ ನಡೆಯುತ್ತವೆಯೆಂದಷ್ಟೇ ಚದುರು ನಕ್ಷೆ ಹೇಳಬಲ್ಲುದು. ಯಾವುದು ಯಾವುದಕ್ಕೆ ಕಾರಣವೆಂಬುದನ್ನು ನಾವೇ ವಿಚಾರಿಸಿ ತಿಳಿಯಬೇಕು. ವಾಚಕರು ಕಾರವಾರ, ಹಾಸನ, ವಿಜಯಪುರಗಳ ಚುಕ್ಕೆಗಳನ್ನೂ ಸೇರಿಸಿ, ಅಡ್ಡ ಅಕ್ಷದಲ್ಲಿ ಎತ್ತರಕ್ಕೆ ಬದಲು ಕಡಲಿನಿಂದ ದೂರವನ್ನಿಟ್ಟು, ಇನ್ನೊಂದು ನಕ್ಷೆಯನ್ನು ತಯಾರಿಸಿ ಹೋಲಿಸಿ ನೋಡಲಿ.