ತಾರಸಿಯ ಸ್ಪೀಕರಿಗೆ ಎಷ್ಟು ವ್ಯಾಟ್ ಸಾಕು?

ಹೂಗ್ಲಿ ನದಿಯ ಪಶ್ಚಿಮ ದಡದ ಹೌರಾದಲ್ಲಿ ಮನೆಗೆ ಮನೆ ತಾಗಿಕೊಂಡ ಓಣಿಗಳು ಹೇರಳವಾಗಿರುವುದರಿಂದ, ತಾರಸಿಯಲ್ಲೋ ಅಂಗಳದಲ್ಲೋ ಸ್ಪೀಕರ್ ಕೂರಿಸುವವರಿಗೆ ಧ್ವನಿಯನ್ನು ಹೆಚ್ಚಿಸುವುದಕ್ಕಿಂತ ಹದವಾಗಿ ತಗ್ಗಿಸುವುದೇ ಕಠಿಣವಾಗುತ್ತದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್ ಮಿತಿ ವಿಧಿಸಿದ್ದು, ಖಾಸಗಿ ಜಾಗದ ಧ್ವನಿವರ್ಧಕದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದು ಎನ್ನುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಗೇ ಸಾಮಾನ್ಯವಾಗಿ ಅವಕಾಶವಿಲ್ಲ.

ಡೆಸಿಬೆಲ್ ಎಂಬ ಅಳತೆ ಹುಟ್ಟಿದ್ದು ಸಂಗೀತದಿಂದಲ್ಲ, ದೂರವಾಣಿಯ ತಂತಿಯಿಂದ. ಉದ್ದನೆಯ ತಂತಿಯಲ್ಲಿ ಮಾತು ಎಷ್ಟು ಕ್ಷೀಣಿಸುತ್ತದೆಂದು ಲೆಕ್ಕಹಾಕಲು ಅಮೆರಿಕದ ಬೆಲ್ ಸಂಸ್ಥೆಯ ಎಂಜಿನಿಯರುಗಳು 1920ರ ದಶಕದಲ್ಲಿ ರೂಪಿಸಿದ ಮಾನಕ್ಕೆ 1928ರಲ್ಲಿ ಈ ಹೆಸರು ಬಂದಿತು. ಇದು ಲಾಗರಿದಮ್ ಮಾನ, ಅಂದರೆ ಕೂಡಿಕೆಯಿಂದಲ್ಲದೆ ಗುಣಾಕಾರದಿಂದ ಏರುವಂಥದು. ಜರ್ಮನಿಯ ಲೈಪ್‌ಜಿಗ್‌ನ ವಿಜ್ಞಾನಿ ಫೆಕ್ನರ್ 1860ರಲ್ಲಿ ಪ್ರತಿಪಾದಿಸಿದಂತೆ ಇಂದ್ರಿಯಗಳ ಅನುಭವವೂ ಸುಮಾರಾಗಿ ಹೀಗೆಯೇ ನಡೆಯುತ್ತದೆ: ಒಂದು ದೀಪವಿರುವ ಕೋಣೆಯಲ್ಲಿ ಎರಡನೆಯದನ್ನು ಹಚ್ಚಿದರೆ ಬೆಳಕು ಢಾಳಾಗಿ ಹೆಚ್ಚಿದಂತೆ ಕಾಣುತ್ತದೆ, ನೂರು ದೀಪಗಳ ನಡುವೆ ಇನ್ನೊಂದು ಹಚ್ಚಿದರೆ ಯಾರ ಗಮನಕ್ಕೂ ಬರುವುದಿಲ್ಲ. ಸ್ಪೀಕರಿಗೆ ಕೊಡುವ ವಿದ್ಯುತ್ ಶಕ್ತಿಯನ್ನು ಅರ್ಧಕ್ಕಿಳಿಸಿದರೆ ಸದ್ದು ಕೇವಲ 3 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅರ್ಧದಷ್ಟು ಕಡಿಮೆಯೆನಿಸಬೇಕಾದರೆ ಆ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿಯಬೇಕು.

ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಹೊಮ್ಮಿಸುವ ಸಾಧಾರಣ ಸ್ಪೀಕರನ್ನು ತೆಗೆದುಕೊಂಡರೆ, ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಕಡಿಮೆಯಾಗುವುದರಿಂದ, ನಾಲ್ಕು ಮೀಟರ್ ಆಚೆಯ ಗಡಿಗೋಡೆಯಲ್ಲಿ 76 ಉಳಿಯುತ್ತದೆ. 55ಕ್ಕೆ 5 ಸೇರಿದ ನಿಯಮದ 60ಕ್ಕೆ ಬರಲು ಇನ್ನೂ 16 ಇಳಿಯಬೇಕು, ಎಂದರೆ ಒಂದು ವ್ಯಾಟಿನ ನಲವತ್ತನೆಯ ಒಂದು ಭಾಗವೇ ಸಾಕು. ಎದುರುಬದುರು ಗೋಡೆಗಳು ಸದ್ದನ್ನು ಹಿಂದಿರುಗಿಸುವ ಓಣಿಯಲ್ಲಿ ಅದೂ ಹೆಚ್ಚೇ ಆದೀತು. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಕ್ಷಣಕಾಲದ ಗರಿಷ್ಠ ಶಕ್ತಿ) ಎಂದು ಅಚ್ಚುಹಾಕುವುದು ಬರಿಯ ಮಾರಾಟದ ಜಾಣತನ.

ಇಷ್ಟು ಅಲ್ಪ ವಿದ್ಯುತ್ತಿನಲ್ಲಿ ದೊಡ್ಡ ಆಂಪ್ಲಿಫೈಯರಿನ ಗುಂಡಿ ಮೊದಲ ಕೂದಲೆಳೆಯಷ್ಟು ತಿರುಗಿದೊಡನೆಯೇ ಸದ್ದು ಮಿತಿ ಮೀರುತ್ತದೆ. ಅದನ್ನು ತಗ್ಗಿಸಲೆಂದು ಸ್ಪೀಕರಿನ ತಂತಿಯ ನಡುವೆ ರೇಡಿಯೊದ ಪುಟ್ಟ ವಾಲ್ಯೂಮ್ ಕಂಟ್ರೋಲನ್ನು ತೂರಿಸಿದರೆ ಅದು ಸುಟ್ಟುಹೋಗಬಹುದು. ಮೈಕ್‌ಸೆಟ್ಟಿನವರು ಬಳಸುವ 100 ವೋಲ್ಟ್ ಲೈನ್ ಪದ್ಧತಿಯೇ ಇಲ್ಲಿ ಹೆಚ್ಚು ಯೋಗ್ಯವಾದುದು: ಪ್ರತಿ ಸ್ಪೀಕರಿನೊಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ 10, 5, 2.5 ವ್ಯಾಟಿನಂಥ ಟ್ಯಾಪುಗಳು, ಅಂದರೆ ತಂತಿ ಜೋಡಿಸುವ ಬೇರೆಬೇರೆ ತುದಿಗಳಿದ್ದು, ಒಂದೊಂದು ಟ್ಯಾಪ್ ಕೆಳಗಿಳಿದಾಗಲೂ 3 ಡೆಸಿಬೆಲ್ ತಗ್ಗುತ್ತದೆ; ಅದಕ್ಕೂ ಮೇಲೆ, ಮಳೆ ತಾಗದಂತೆ ಮನೆಯೊಳಗಿನ ಗೋಡೆಗೆ ಮೆಟ್ಟಿಲುಮೆಟ್ಟಿಲಾಗಿ ತಿರುಗುವ ನಿಯಂತ್ರಕವನ್ನು ಅಳವಡಿಸಬಹುದು.

1996ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಭಗವತಿ ಪ್ರಸಾದ್ ಬ್ಯಾನರ್ಜಿ ಮೈಕಿನ ಹಾವಳಿಗೆ ಕಡಿವಾಣ ಹಾಕಿದ ಬಳಿಕ, ಹೌರಾ ಇರುವ ಪಶ್ಚಿಮ ಬಂಗಾಳದಲ್ಲಿ ಬಯಲಿನ ಮೈಕುಗಳಿಗೆ ಸೌಂಡ್ ಲಿಮಿಟರ್, ಅಂದರೆ ನಿಗದಿತ ಮಟ್ಟದಾಚೆ ಸದ್ದು ಏರದಂತೆ ತಡೆಯುವ ಪೆಟ್ಟಿಗೆ, ಕಡ್ಡಾಯವಾಯಿತು. ಅಂಥ ಪೆಟ್ಟಿಗೆಯಿಲ್ಲದ ಮನೆಯಲ್ಲಿ, ಅತಿ ಕಡಿಮೆ ವ್ಯಾಟಿನ ಟ್ಯಾಪಿಗೆ ತಂತಿ ಬಿಗಿದು, ನೆರೆಮನೆಯ ಗೋಡೆಯ ಬಳಿ ನಿಂತು ಕೇಳಿ ನೋಡಿದ ಮೇಲೆಯೇ ಗುಂಡಿಯ ಗರಿಷ್ಠ ಗುರುತನ್ನು ನಿಶ್ಚಯಿಸಬೇಕು.